ಸವಳು ನೀರಿನ ಊರಲ್ಲಿ ಕೇಪಳ ಅರಳಿಸಿದೆ

"ವಿಜಯಪುರದಾಗ ಇಕ್ಸೋರಾ ಬರೂದಿಲ್ಲ ಬಿಡ್ರಿ, ಕಣಗಿಲೆ ಹಚ್ಚಿರಿ" ಅಂದಿದ್ದರು ನರ್ಸರಿಯವರು. ಇಕ್ಸೋರಾ ಅಂದರೆ ಕೇಪಳವೇ. ಮನೆಯಲ್ಲೂ ಅದೇ ಮಾತು. ಈಗ ನಮ್ಮ ಅಂಗಳದಲ್ಲಿ 11 ಗಿಡ ಇವೆ. ಹೋದ ದಸರೆಗೆ ಒಂದೇ ಗಿಡದಲ್ಲಿ 40ರ ಹತ್ತಿರ ಗೊಂಚಲು ಎಣಿಸಿದೆ. ಕರಾವಳಿಯಲ್ಲಿ ಬೇಲಿಬದಿಗೆ ಸುಮ್ನೆ ಬೆಳೆಯುವ ಕೇಪಳಕ್ಕೆ ಇಲ್ಲಿ ಐದು ವರ್ಷ ಬೇಕಾಯಿತು.

ಮೊದಲ 3 ಗಿಡ ನೇರ ಎರೆ ಮಣ್ಣಿಗೇ ಹಚ್ಚಿದ್ದೆ, ಒಂದಕ್ಕೆ 80 ರೂಪಾಯಿ. ಎರಡು ತಿಂಗಳಲ್ಲಿ ಚಿಗುರೆಲ್ಲ ಹಳದಿ, ನರ ಮಾತ್ರ ಹಸಿರು. ಕಬ್ಬಿಣದ ಕೊರತೆ, ನೋಡಿದರೇ ಗೊತ್ತಾಗುತ್ತದೆ ಅಲ್ವಾ? ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಹಾಕಿದೆ. ನಮ್ಮ ಸುಣ್ಣದ ಮಣ್ಣಿನಲ್ಲಿ ಅದು ತುಕ್ಕಾಗಿ ಕೂತುಬಿಡುತ್ತದೆ, ಬೇರಿಗೆ ಸಿಗುವುದಿಲ್ಲ. ಮೂರೂ ಹೋದವು.

ಆಮೇಲೆ ಖಾನಾಪುರ ಕಡೆಯ ಕೆಂಪು ಮಣ್ಣು ತರಿಸಿದೆ. ಮಣ್ಣಿಗಿಂತ ಟೆಂಪೋ ಬಾಡಿಗೆಯೇ ಜಾಸ್ತಿ, ಎಲ್ಲ ಸೇರಿ 6,000 ದಾಟಿತು. ಅದನ್ನು ಹೊಸ ಸಿಮೆಂಟ್ ಕುಂಡಗಳಿಗೆ ತುಂಬಿದೆ. ಮತ್ತೆ ಹಳದಿ! ಕುಂಡದ ಸುಣ್ಣವೇ ಮಣ್ಣಿಗೆ ಇಳಿಯುತ್ತಿತ್ತು. ಮೇಲಿಂದ ಬೋರಿನ ಸವಳು ನೀರು ಬೇರೆ. 4 ಗಿಡ ಒಣಗಿದವು. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಡುವೆ, ಸುಣ್ಣಕ್ಕೆ ಹುಳಿ ಮದ್ದಾಗಲಿ ಅಂತ ಮಜ್ಜಿಗೆ ಹಾಕಿ ನೋಡಿದೆ. ಇರುವೆ ಬಂದವು, ಹಸಿರು ಬರಲಿಲ್ಲ. ಇಂಡಿ ತಾಲೂಕಿನ ಲಿಂಬೆ ಸಿಪ್ಪೆಯನ್ನೂ ಬುಡಕ್ಕೆ ಹೂತೆ. ಅದೂ ಅಷ್ಟೇ.

ದಾರಿ ತೋರಿಸಿದ್ದು ತಿಕೋಟಾದ ಒಬ್ಬ ದ್ರಾಕ್ಷಿ ರೈತರು. "ಅನ್ನಭೇದಿ ಬಿಡ್ರಿ, ಇಡಿಡಿಎಚ್‌ಎ ಕಬ್ಬಿಣ ತಗೋರಿ" ಅಂದರು. ಕಬ್ಬಿಣ ತುಕ್ಕಾಗದಂತೆ ಹಿಡಿದಿಡುವ ಗೊಬ್ಬರ ಅದು. 100 ಗ್ರಾಂ ಪೊಟ್ಟಣಕ್ಕೆ 150 ರೂಪಾಯಿ ಇರಬೇಕು. ಸುಣ್ಣದ ಮಣ್ಣಿನಲ್ಲೂ ಇದು ಕರಗಿಯೇ ಇರುತ್ತದೆ. ಕುಂಡಕ್ಕೆ ಸುಮಾರು 2 ಗ್ರಾಂ, ನೀರಲ್ಲಿ ಕಲಸಿ ಸಂಜೆ ಬುಡಕ್ಕೆ ಹಾಕಿದೆ. ಮೂರು ವಾರಕ್ಕೆ ಬಂದ ಚಿಗುರು ಹಸಿರಾಗಿತ್ತು. ಮನೆಯವರನ್ನು ಕರೆದು ತೋರಿಸಿದೆ!

ಆದರೆ ನೀರು ಸರಿಹೋಗದಿದ್ದರೆ ಇದೂ ಎಷ್ಟು ದಿನ? ಸಿಮೆಂಟ್ ಕುಂಡ ಬಿಟ್ಟು, ನೀಲಿ ಡ್ರಮ್‌ಗಳನ್ನು ಅರ್ಧಕ್ಕೆ ಕೊಯ್ಸಿ ಅದರಲ್ಲಿ ಹಚ್ಚಿದೆ. ಮಳೆ ಇದ್ದಾಗ ಛಾವಣಿಯ ನೀರು. ಅದು ಮುಗಿದ ಮೇಲೆ 10 ಲೀಟರ್ ಬೋರಿನ ನೀರಿಗೆ ಕ್ಷಾರ ಇಳಿಯಲು ಒಂದು ಸಣ್ಣ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ). ನಿಮ್ಮ ಬೋರು ಬೇರೆ, ಹುಳಿ, ಕ್ಷಾರ ಎಷ್ಟೆಂದು ತೋರಿಸುವ ಪಿಎಚ್ ಕಾಗದದಲ್ಲಿ ನೋಡಿಕೊಂಡೇ ಹಾಕಿ. ಮಣ್ಣಿಗೆ ಇನ್ನೊಂದು ಪದಾರ್ಥವನ್ನೂ ಬೆರೆಸುತ್ತೇನೆ. ಅದನ್ನು ಈಗಲೇ ಹೇಳುವುದಿಲ್ಲ, ಇನ್ನೊಂದು ಬೇಸಿಗೆ ನೋಡಬೇಕು.

ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಹಸಿರು ಬಲೆ ಕಟ್ಟುತ್ತೇನೆ. ಗೊಂಚಲು ಬಾಡಿದ ಕೂಡಲೇ ತುದಿ ಚಿವುಟುತ್ತೇನೆ. ಹೂ ಬರುವುದೇ ಹೊಸ ತುದಿಗೆ.

ಹೋದ ತಿಂಗಳು ಅದೇ ನರ್ಸರಿಯವರು ಬಂದು 6 ಕಡ್ಡಿ ಕೇಳಿ ಒಯ್ದರು. ಡ್ರಮ್‌ಗೆ ಎಷ್ಟು ಕೊಟ್ಟಿರಿ ಅಂತಲೂ ಕೇಳಿದರು.