ಅದೃಶ್ಯ ಮನುಷ್ಯನನ್ನು ತೆರೆಯ ಮೇಲೆ ನಡೆಸುವ ಬಗೆ: 1949ರ ಜಪಾನೀ ತಂತ್ರ, ಇಂದಿನ ಮೊಬೈಲ್‌ನಲ್ಲಿ

1949ರಲ್ಲಿ ಜಪಾನಿನ ದಾಯೇ ಸಂಸ್ಥೆಯು ‘ತೋಮೇ ನಿಂಗೆನ್ ಅರವಾರು’ ಎಂಬ ಕಪ್ಪು-ಬಿಳುಪು ಚಿತ್ರವನ್ನು ಬಿಡುಗಡೆ ಮಾಡಿತು. ನೊಬುವೊ ಅದಾಚಿ ಅವರು ನಿರ್ದೇಶಿಸಿದ ಈ ಚಿತ್ರದಲ್ಲಿ ಮನುಷ್ಯನನ್ನು ಕಣ್ಣಿಗೆ ಕಾಣದಂತೆ ಮಾಡುವ ಔಷಧವನ್ನು ವಿಜ್ಞಾನಿಯೊಬ್ಬ ಕಂಡುಹಿಡಿಯುತ್ತಾನೆ, ವಜ್ರದ ಹಾರವೊಂದಕ್ಕೆ ಹೊಂಚುಹಾಕಿದವರು ಅದನ್ನು ಬಳಸಿಕೊಳ್ಳುತ್ತಾರೆ. ವಿಶೇಷ ದೃಶ್ಯಗಳನ್ನು ರೂಪಿಸಿದವರು ಎಯ್ಜಿ ತ್ಸುಬುರಾಯ. ಯುದ್ಧಕಾಲದ ಪ್ರಚಾರ ಚಿತ್ರಗಳಿಗೆ ದುಡಿದಿದ್ದ ಕಾರಣ 1948ರಲ್ಲಿ ತೊಹೊ ಸ್ಟುಡಿಯೊವನ್ನು ಬಿಡಬೇಕಾಗಿ ಬಂದಿದ್ದ ಅವರು ಆಗ ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದರು. ಗಾಡ್ಜಿಲ್ಲಾ ಚಿತ್ರದಿಂದ ಅವರ ಹೆಸರು ಲೋಕಕ್ಕೆಲ್ಲ ತಿಳಿದದ್ದು 1954ರಲ್ಲಿ, ಅಂದರೆ ಇದಾಗಿ ಐದು ವರ್ಷಗಳ ಮೇಲೆ.

ಇಂಥ ಕಥೆಗೆ ಮುಖ್ಯವಾಗಿ ಬೇಕಾಗುವುದು ಮೂರು ಬಗೆಯ ದೃಶ್ಯಗಳು: ವಸ್ತುಗಳು ತಾವಾಗಿ ಚಲಿಸುವುದು, ತಲೆಯಿಲ್ಲದ ಉಡುಪು ಓಡಾಡುವುದು, ನೆಲದ ಮೇಲೆ ಹೆಜ್ಜೆಗಳು ಮೂಡುವುದು. ಒಂದು ಮೊಬೈಲ್, ಅಲುಗದ ಟ್ರೈಪಾಡ್, ಲೇಯರ್ (ಒಂದರ ಮೇಲೊಂದು ಇಡುವ ದೃಶ್ಯದ ಪದರ), ಮಾಸ್ಕ್ (ದೃಶ್ಯದ ಬೇಕಾದ ಭಾಗವನ್ನಷ್ಟೇ ಉಳಿಸುವ ಮರೆ) ಮತ್ತು ಕ್ರೋಮಾ ಕೀ (ಒಂದು ಬಣ್ಣವನ್ನು ಅಳಿಸುವುದು) ಸೌಲಭ್ಯವಿರುವ ಯಾವುದಾದರೂ ಎಡಿಟಿಂಗ್ ಆ್ಯಪ್ ಇದ್ದರೆ ಮೂರನ್ನೂ ಮನೆಯಲ್ಲೇ ಮಾಡಬಹುದು. ದೇಹವನ್ನು ಅಳಿಸುವುದು ಇದರಲ್ಲಿ ಸುಲಭದ ಭಾಗ. ಉಳಿದ ಬಟ್ಟೆಯೊಳಗೆ ಭಾರವುಳ್ಳ ಮೈಯೊಂದು ಇದೆ ಎಂದು ನೋಡುಗರನ್ನು ನಂಬಿಸುವುದೇ ನಿಜವಾದ ಕೆಲಸ, ಆದ್ದರಿಂದ ಹೆಚ್ಚಿನ ಸಮಯವನ್ನು ಅದಕ್ಕೇ ಮೀಸಲಿಡಬೇಕು.

ಮೊದಲು ದಾರದ ಕೆಲಸವನ್ನು ಕಲಿಯಿರಿ. ತೆಳುವಾದ ನೈಲಾನ್ ದಾರವನ್ನು ಲೋಟಕ್ಕೋ ಟೆಲಿಫೋನ್ ರಿಸೀವರಿಗೋ ಎರಡು ಕಡೆ ಕಟ್ಟಿ, ಏಕೆಂದರೆ ಒಂದೇ ದಾರದಲ್ಲಿ ತೂಗುವ ವಸ್ತು ತಿರುಗತೊಡಗಿ ಗುಟ್ಟನ್ನು ಬಿಟ್ಟುಕೊಡುತ್ತದೆ. ದಾರಕ್ಕೆ ಕಪ್ಪು ಬಣ್ಣ ಸವರಿದರೆ ಅದರ ಹೊಳಪು ಅಡಗುತ್ತದೆ. ಹಿಂದಿನ ಗೋಡೆ ಖಾಲಿಯಾಗಿರುವುದಕ್ಕಿಂತ ಅಲ್ಲಿ ಪುಸ್ತಕದ ಕಪಾಟು ಅಥವಾ ಗೆರೆಗಳಿರುವ ಪರದೆ ಇದ್ದರೆ ದಾರ ಅದರಲ್ಲಿ ಬೆರೆತುಹೋಗುತ್ತದೆ. ವಸ್ತುವನ್ನು ಎತ್ತುವ ಮುನ್ನ ಅದು ಒಂದಿಷ್ಟು ಜರುಗಲಿ, ಆಮೇಲೆ ಏಳಲಿ. ಮನುಷ್ಯನ ಕೈ ಲೋಟವನ್ನು ಮೊದಲು ಹಿಡಿಯುತ್ತದೆ, ಅನಂತರ ಎತ್ತುತ್ತದೆ.

ತಲೆಯಿಲ್ಲದ ಉಡುಪಿನ ದೃಶ್ಯಕ್ಕೆ ಹಿಂದಿನವರು ಪಟ್ಟ ಶ್ರಮವನ್ನು ಅರಿತರೆ ಇಂದಿನ ವಿಧಾನ ಸುಲಭವಾಗಿ ಅರ್ಥವಾಗುತ್ತದೆ. ಫಿಲ್ಮನ್ನು ಕ್ಯಾಮೆರಾದಲ್ಲಿ ಹಿಂದಕ್ಕೆ ಸುತ್ತಿ ಎರಡನೆಯ ಸಲ ಚಿತ್ರಿಸಿದರೆ ಒಂದು ಬೆಳಕಿನ ಮೇಲೆ ಇನ್ನೊಂದು ಬೆಳಕು ಕೂಡಿಕೊಳ್ಳುತ್ತದೆಯೇ ಹೊರತು ಮೊದಲನೆಯದು ಮುಚ್ಚಿಹೋಗುವುದಿಲ್ಲ. ಆದ್ದರಿಂದ ಕೋಟಿನ ಮೂಲಕ ಗೋಡೆಯೂ ಕಾಣಿಸಿ ಪಾತ್ರವು ದೆವ್ವದಂತೆ ತೋರುತ್ತದೆ. 1933ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊದಲ್ಲಿ ವಿಶೇಷ ದೃಶ್ಯಗಳ ತಜ್ಞ ಜಾನ್ ಫುಲ್ಟನ್ ಇದಕ್ಕೆ ದಾರಿ ಕಂಡುಕೊಂಡರು. ನಟನ ಮೈಯನ್ನು ತಲೆಯಿಂದ ಕಾಲಿನವರೆಗೆ ಕಪ್ಪು ಮಖಮಲ್ಲಿನಲ್ಲಿ ಮುಚ್ಚಿ, ಮೇಲೆ ಉಡುಪು ತೊಡಿಸಿ, ಕಪ್ಪು ಮಖಮಲ್ಲಿನ ಹಿನ್ನೆಲೆಯಲ್ಲಿ ಚಿತ್ರಿಸಿದರು. ಹಾಗೆ ದೊರೆತ ಉಡುಪಿನ ಆಕಾರದಿಂದಲೇ ಮಾಸ್ಕ್ ಸಿದ್ಧಪಡಿಸಿ, ಕೋಣೆಯ ಚಿತ್ರದಲ್ಲಿ ಅಷ್ಟು ಜಾಗವನ್ನು ಖಾಲಿ ಬಿಟ್ಟು, ಅಲ್ಲಿ ಉಡುಪನ್ನು ಕೂರಿಸಿದರು. ಸಾಲದ್ದಕ್ಕೆ ಒಂದೊಂದೇ ಫ್ರೇಮನ್ನು (ಫಿಲ್ಮಿನ ಬಿಡಿ ಚಿತ್ರವನ್ನು) ಕುಂಚದಿಂದ ತಿದ್ದಿದರು.

ನೀವು ಮಖಮಲ್ಲಿನ ಬದಲು ಹಸಿರು ಬಟ್ಟೆಯ ಮುಸುಕು ಮತ್ತು ಕೈಗವಸುಗಳನ್ನು ಬಳಸಿ, ಏಕೆಂದರೆ ಕಪ್ಪು ಬಣ್ಣವನ್ನು ಅಳಿಸಲು ಹೊರಟರೆ ಕೋಟಿನ ಮಡಿಕೆಗಳ ಕಪ್ಪು ನೆರಳೂ ತೂತುಬೀಳುತ್ತದೆ. ಮುಸುಕಿನ ಬಟ್ಟೆ ಸರಾಗವಾಗಿ ಗಾಳಿಯಾಡುವಂತಿರಲಿ. ಕ್ಯಾಮೆರಾವನ್ನು ನಿಲ್ಲಿಸಿ ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣಗಳ ಹೊಂದಾಣಿಕೆ) ಮೂರನ್ನೂ ಬದಲಾಗದಂತೆ ಲಾಕ್ ಮಾಡಿ, ಖಾಲಿ ಕೋಣೆಯನ್ನು ಅರ್ಧ ನಿಮಿಷ ಚಿತ್ರಿಸಿಕೊಳ್ಳಿ. ಅನಂತರ ಕ್ಯಾಮೆರಾ ಮುಟ್ಟದೆ ನಟನನ್ನು ಒಳಗೆ ಕರೆದು ಅಭಿನಯ ಮಾಡಿಸಿ. ಎಡಿಟಿಂಗ್‌ನಲ್ಲಿ ಖಾಲಿ ಕೋಣೆ ಕೆಳಗಿನ ಲೇಯರಿನಲ್ಲಿರಲಿ, ನಟನ ದೃಶ್ಯ ಮೇಲಿರಲಿ. ಮೇಲಿನದರಲ್ಲಿ ಕ್ರೋಮಾ ಕೀಯಿಂದ ಹಸಿರನ್ನು ತೆಗೆದೊಡನೆ ತಲೆಯಿದ್ದ ಜಾಗದಲ್ಲಿ ಗೋಡೆ ಕಾಣುತ್ತದೆ.

ಈಗ ಕಾಲರನ್ನು ಗಮನಿಸಿ. ತಲೆ ಇಲ್ಲವೆಂದ ಮೇಲೆ ಕುತ್ತಿಗೆಯ ಹಿಂಭಾಗದಲ್ಲಿರುವ ಕಾಲರಿನ ಒಳಮೈ ನಮಗೆ ಕಾಣಬೇಕು. ಆದರೆ ಚಿತ್ರೀಕರಣದ ಹೊತ್ತಿಗೆ ಅದನ್ನು ನಟನ ಕುತ್ತಿಗೆ ಮರೆಮಾಡಿತ್ತು. ಹೀಗಾಗಿ ಹಸಿರು ಹೋದಲ್ಲಿ ಒಳಮೈಯ ಬದಲು ಗೋಡೆಯೇ ಕಂಡು, ಅಂಗಿಯ ಮುಂಭಾಗ ಕತ್ತರಿಸಿ ಅಂಟಿಸಿದ ಕಾಗದದಂತೆ ತೋರುತ್ತದೆ. ಇದಕ್ಕೆ ಪರಿಹಾರವೆಂದರೆ ಅದೇ ಅಂಗಿ-ಕೋಟನ್ನು ಹ್ಯಾಂಗರಿಗೆ ಹಾಕಿ, ಕಾಲರಿನೊಳಗೆ ತಂತಿಯ ಬಳೆಯಿಟ್ಟು ಅರಳಿಸಿ, ನಟ ನಿಂತಿದ್ದ ಜಾಗದಲ್ಲಿ ಅದೇ ಎತ್ತರಕ್ಕೆ ತೂಗುಬಿಟ್ಟು ಅದೇ ಬೆಳಕಿನಲ್ಲಿ ಇನ್ನೊಮ್ಮೆ ಚಿತ್ರಿಸುವುದು. ಅದರ ಹಿಂಕಾಲರಿನ ಭಾಗವನ್ನಷ್ಟೇ ಮಾಸ್ಕ್ ಮಾಡಿ ಎರಡೂ ಲೇಯರ್‌ಗಳ ನಡುವೆ ಸೇರಿಸಿ. ನಟ ನಡೆದಾಡಿದರೆ ಈ ತುಣುಕನ್ನೂ ಅವನೊಂದಿಗೆ ಜರುಗಿಸಬೇಕಾಗುವುದರಿಂದ, ಮೊದಲ ಪ್ರಯೋಗದಲ್ಲಿ ಅವನನ್ನು ಕುರ್ಚಿಯಲ್ಲಿ ಕೂರಿಸುವುದು ಒಳ್ಳೆಯದು. ತೋಳಿನ ತುದಿಗೂ ಇದೇ ಕ್ರಮ. ಬೇಸರದ ಕೆಲಸವೆನಿಸಿದರೂ ಇದನ್ನು ಬಿಡಬೇಡಿ, ನನ್ನ ದೃಷ್ಟಿಯಲ್ಲಿ ಇಡೀ ದೃಶ್ಯದ ಜೀವ ಇಲ್ಲೇ ಇದೆ.

ನೆರಳಿನ ವಿಷಯದಲ್ಲಿಯೂ ಇಷ್ಟೇ ಎಚ್ಚರ ಬೇಕು. ಉಡುಪಿಗೆ ನೆರಳಿರಬೇಕು, ತಲೆಗೆ ಇರಬಾರದು. ದೀಪವನ್ನು ಪಕ್ಕದಲ್ಲಿ ಎತ್ತರಕ್ಕಿಟ್ಟು ತಲೆಯ ನೆರಳು ಚೌಕಟ್ಟಿನಾಚೆ ಬೀಳುವಂತೆ ನೋಡಿಕೊಂಡರೆ ಮುಂದೆ ಅಳಿಸುವ ತೊಂದರೆ ತಪ್ಪುತ್ತದೆ. ಹಸಿರನ್ನು ತೆಗೆದಾದ ಮೇಲೆಯೇ ದೃಶ್ಯವನ್ನು ಕಪ್ಪು-ಬಿಳುಪಿಗೆ ತಿರುಗಿಸಿ. ಬಿಳಿ ಕಾಲರಿನ ಮೇಲೆ ಪ್ರತಿಫಲಿಸಿದ ಹಸಿರು ಛಾಯೆ ಅದರಿಂದ ಮರೆಯಾಗುತ್ತದೆ, ಮೇಲೊಂದಿಷ್ಟು ಗ್ರೇನ್ (ಹಳೆಯ ಫಿಲ್ಮಿನಂಥ ಸಣ್ಣ ಕಣಗಳು) ಹಾಕಿದರೆ ಎಲ್ಲ ಲೇಯರ್‌ಗಳೂ ಒಂದೇ ಫಿಲ್ಮಿನಂತೆ ಬೆಸೆದುಕೊಳ್ಳುತ್ತವೆ.

ಮುಖದ ಬ್ಯಾಂಡೇಜು ಬಿಚ್ಚುವ ದೃಶ್ಯ ಮಾಡಬೇಕೆಂದರೆ ಮುಸುಕಿನ ಮೇಲೆಯೇ ಪಟ್ಟಿ ಸುತ್ತಿ. ಬಿಚ್ಚುವವನು ಅವಸರಪಡದೆ, ಒಂದೊಂದು ಸುತ್ತಿಗೂ ಕೊಂಚ ತಡೆದು ಬಿಚ್ಚಲಿ.

ಹೆಜ್ಜೆಗಳಿಗೆ ತಟ್ಟೆಯಗಲದ ಮರಳು ಸಾಲದು, ಆರೇಳು ಅಡಿಯಾದರೂ ಬೇಕು. ಒಂದು ಫೋಟೊ ತೆಗೆಯಿರಿ, ಪಕ್ಕದಿಂದ ಕೈಚಾಚಿ ಚಪ್ಪಲಿಯನ್ನು ಒತ್ತಿ, ಚಪ್ಪಲಿ ಸಮೇತ ಕೈ ತೆಗೆದು ಮತ್ತೊಂದು ಫೋಟೊ ತೆಗೆಯಿರಿ. ಈ ಫೋಟೊಗಳನ್ನು ಆ್ಯಪ್‌ನಲ್ಲಿ ಸಾಲಾಗಿ ಓಡಿಸಿದರೆ ಹೆಜ್ಜೆಗಳು ತಾವಾಗಿ ಮೂಡಿದಂತೆ ಕಾಣುತ್ತವೆ. ಹಿಮ್ಮಡಿ ಮೊದಲು ಇಳಿದು ಬೆರಳ ಭಾಗ ಆಮೇಲೆ ಒತ್ತುವಂತೆ ಪ್ರತಿ ಹೆಜ್ಜೆಗೂ ಎರಡು ಮೂರು ಹಂತಗಳಿರಲಿ. ಬಿಸಿಲಿನಲ್ಲಿ ನೆರಳು ಸರಿಯುವುದರಿಂದ ಮೋಡದ ದಿನವೋ ಕೋಣೆಯ ದೀಪವೋ ಉತ್ತಮ.

ಎದುರಿಗಿರುವ ಕಾಣುವ ನಟನಿಗೂ ತಾಲೀಮು ಬೇಕು. ಅದೃಶ್ಯ ವ್ಯಕ್ತಿಯ ಕಣ್ಣಿನ ಎತ್ತರಕ್ಕೆ ಒಂದು ಕೋಲಿನ ತುದಿಯಲ್ಲಿ ಕಾಗದದ ಚೂರು ಅಂಟಿಸಿ, ತಾಲೀಮಿನಲ್ಲಿ ಅದನ್ನೇ ನೋಡಿ ಮಾತನಾಡಿಸಿ. ಚಿತ್ರೀಕರಣದ ಹೊತ್ತಿಗೆ ಕೋಲನ್ನು ತೆಗೆದ ಮೇಲೂ ದೃಷ್ಟಿ ಅಲ್ಲಿಯೇ ನಿಲ್ಲುವವರೆಗೆ ತಾಲೀಮು ಮುಂದುವರಿಯಲಿ.