ಉಸಿರು ಕಟ್ಟದೆಯೇ ಬರುವ ಅಪಾಯ: ಪೈಲಟ್‌ಗಳಿಗೆ ನಾನು ಕಲಿಸಿದ್ದು

ವಾಯುಪಡೆಯಲ್ಲಿ ವೈದ್ಯಕೀಯ ಸಹಾಯಕನಾಗಿದ್ದಾಗ, ಆಮ್ಲಜನಕ ಕಮ್ಮಿಯಾದರೆ ಮೈಗೆ ಏನಾಗುತ್ತದೆ ಎಂದು ಪೈಲಟ್‌ಗಳಿಗೆ ತೋರಿಸಿಕೊಡುವುದು ನನ್ನ ಕೆಲಸವಾಗಿತ್ತು. ಈಗ ನಿವೃತ್ತನಾಗಿ ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದೇನೆ. ಪೈಲಟ್ ಆಗಲು ಹೊರಟಿರುವ ಸಿರುಗುಪ್ಪದ ಹುಡುಗನೊಬ್ಬ ಮೊನ್ನೆ ಬಂದಿದ್ದ. "ದಿನಾ ಉಸಿರು ಬಿಗಿಹಿಡಿದು ಪ್ರಾಕ್ಟೀಸ್ ಮಾಡಾಕತ್ತೀನಿ ಸರ್, ಸಾಕಲ್ರಿ?" ಎಂದ.

ಸಾಲದು. ಮೊದಲು ಅದನ್ನು ನಿಲ್ಲಿಸು ಎಂದೆ. ಉಸಿರು ಹಿಡಿದಾಗ ಆಗುವ ಚಡಪಡಿಕೆಗೆ ಮುಖ್ಯ ಕಾರಣ ಒಳಗೆ ಸೇರಿಕೊಳ್ಳುವ ಇಂಗಾಲದ ಡೈಆಕ್ಸೈಡ್. ಎತ್ತರದಲ್ಲಿ ಅದು ಸಲೀಸಾಗಿ ಹೊರಗೆ ಹೋಗುತ್ತಿರುತ್ತದೆ. ಹಾಗಾಗಿ ಉಸಿರು ಕಟ್ಟುವುದೇ ಇಲ್ಲ. ಕೆಲವರಿಗೆ ಸುಮ್ನೆ ಖುಷಿ ಬೇರೆ ಆಗುತ್ತದೆ! ನಮ್ಮ ತೋರಣಗಲ್ಲಿನ ಕಡೆ ಉಕ್ಕಿನ ಕಾರ್ಖಾನೆಗಳಲ್ಲಿ ಟ್ಯಾಂಕಿಗೆ ಇಳಿಯುವವರನ್ನು ಕೇಳಿ. ಮೀಟರಿನಲ್ಲಿ ಆಮ್ಲಜನಕ ಶೇ. 19.5ಕ್ಕಿಂತ ಕೆಳಗಿದ್ದರೆ ಕಾಲಿಡಬಾರದು ಅನ್ನುವುದು ಇದಕ್ಕೇ. ಸಾರಜನಕ ತುಂಬಿದ ಕಡೆ ಮೈ ಮುಂಚೆ ಎಚ್ಚರಿಸುವುದಿಲ್ಲ.

ಇದನ್ನು ಕಲಿಸುವ ಹಳೆಯ ವಿಧಾನ ಎಂದರೆ ಚೇಂಬರ್, ಅಂದರೆ ಗಾಳಿಯಾಡದಂತೆ ಮುಚ್ಚಿದ ಕೋಣೆ. ಒಳಗಿನ ಗಾಳಿಯ ಒತ್ತಡ ಇಳಿಸಿ, ಕುಳಿತಲ್ಲೇ 25,000 ಅಡಿ ಎತ್ತರಕ್ಕೆ ಒಯ್ದಂತೆ ಮಾಡುತ್ತಿದ್ದೆವು. ಅಲ್ಲಿ ಆಮ್ಲಜನಕದ ಮಾಸ್ಕ್ ತೆಗೆದರೆ ಬುದ್ಧಿ ನೆಟ್ಟಗಿರುವುದು 3ರಿಂದ 5 ನಿಮಿಷ. ತರಬೇತಿ ಒಳ್ಳೆಯದೇ, ಆದರೆ ಒತ್ತಡ ಇಳಿದಾಗ ರಕ್ತದಲ್ಲಿ ಸಾರಜನಕದ ಗುಳ್ಳೆ ಏಳಬಹುದು, ಕೀಲು ಹಿಡಿಯಬಹುದು. ಅದಕ್ಕೇ ಮೈಯಲ್ಲಿನ ಸಾರಜನಕ ಹೊರಹೋಗಲೆಂದು ಮುಂಚೆ ಅರ್ಧ ಗಂಟೆ ಬರೀ ಆಮ್ಲಜನಕ ಕೊಡುತ್ತಿದ್ದೆವು. ನೆಗಡಿ ಇದ್ದವರನ್ನು ಒಳಗೇ ಬಿಡುತ್ತಿರಲಿಲ್ಲ. ಕಿವಿ ಒಡೆದುಕೊಂಡರೆ ಕಷ್ಟ.

ನನಗೆ ಹೆಚ್ಚು ಒಪ್ಪಿಗೆಯಾದದ್ದು ಮಾಸ್ಕ್ ವಿಧಾನ. ಒತ್ತಡ ನೆಲದ್ದೇ. ಗಾಳಿಗೆ ಸಾರಜನಕ ಬೆರೆಸಿ, ಶೇ. 21 ಇರುವ ಆಮ್ಲಜನಕವನ್ನು ಶೇ. 7–8ರ ಸುಮಾರಿಗೆ ಇಳಿಸಿ, ಮಾಸ್ಕಿನಲ್ಲಿ ಉಸಿರಾಡಲು ಕೊಡುತ್ತಾರೆ. ಗುಳ್ಳೆಯ ಭಯವಿಲ್ಲ, ಕಿವಿನೋವಿಲ್ಲ. ಸಿಮ್ಯುಲೇಟರಿನಲ್ಲಿ ವಿಮಾನ ನಡೆಸುತ್ತಲೇ ಕಲಿಯಬಹುದು. ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್, ಪಕ್ಕದಲ್ಲಿ ಡಾಕ್ಟರ್. ನಿಗದಿ ಮಾಡಿದ ಅಂಕಿಗೆ ಇಳಿದ ಕೂಡಲೇ ಪೂರ್ತಿ ಆಮ್ಲಜನಕ. ನನ್ನ ಕಣ್ಣು ಮಾತ್ರ ಅಂಕಿಗಿಂತ ಜಾಸ್ತಿ, ನೀಲಿಗಟ್ಟುತ್ತವೆಯೇ ಎಂದು ಅವರ ಉಗುರು, ತುಟಿಗಳ ಮೇಲೇ ಇರುತ್ತಿತ್ತು.

ಒಮ್ಮೆ ಈ ತರಬೇತಿಗೆ ನಮ್ಮ ಕಡೆಯವನೇ ಒಬ್ಬ ಬಂದಿದ್ದ. "ಬಳ್ಳಾರಿ ಅಂತ ಕನ್ನಡದಲ್ಲಿ ಬರೀತಾ ಹೋಗು" ಎಂದೆ. ಮೊದಲ ಸಾಲುಗಳು ಮುತ್ತಿನಂತೆ ಬಂದವು. ಆಮೇಲೆ ಒತ್ತಕ್ಷರ ಕೆಳಗಿನ ಸಾಲಿಗೆ ಜಾರಿತು, ಕೊನೆಗೆ ಬರೀ ಗೀಟು. ಮುಖದಲ್ಲಿ ನಗು! ಆಮ್ಲಜನಕ ಕೊಟ್ಟ ಮೇಲೆ "ಎಲ್ಲಾ ಸರಿ ಬರ್ದಿದ್ನಲ್ಲ" ಎಂದವನು ಹಾಳೆ ನೋಡಿ ಸುಮ್ಮನಾದ. ಅವನಿಗೆ ಮೊದಲು ಬಂದದ್ದು ಬೆರಳ ತುದಿಯ ಜುಮುಜುಮು. ಇನ್ನೊಬ್ಬರಿಗೆ ಮುಖ ಬಿಸಿ, ಮತ್ತೊಬ್ಬರಿಗೆ ಕಣ್ಣಿನ ಅಂಚು ಮಬ್ಬು. ತನ್ನ ಗುರುತು ಯಾವುದೆಂದು ಕಂಡುಕೊಳ್ಳುವುದೇ ಈ ಪಾಠದ ತಿರುಳು. ಅದಕ್ಕೆ ಎಚ್ಚರ ತಪ್ಪುವವರೆಗೆ ಕಾಯಬೇಕಿಲ್ಲ. ಮೊದಲ ಲಕ್ಷಣಕ್ಕೇ ಕೈ ಆಮ್ಲಜನಕದ ಮಾಸ್ಕಿಗೆ ಹೋಗಬೇಕು. 2005ರ ಆಗಸ್ಟ್ 14ರಂದು ಸೈಪ್ರಸ್‌ನ ಹೀಲಿಯೋಸ್ ವಿಮಾನದಲ್ಲಿ ಒತ್ತಡ ಇಳಿದ ಎಚ್ಚರಿಕೆ ಪೈಲಟ್‌ಗಳಿಗೆ ಅರ್ಥವಾಗಲಿಲ್ಲ. 121 ಜನ ಹೋದರು.

ಮಾಸ್ಕ್ ವಿಧಾನದಿಂದ ಎಲ್ಲವೂ ಸಿಗುವುದಿಲ್ಲ. ಹೊಟ್ಟೆ ಉಬ್ಬುವುದು, ಒತ್ತಡ ಹಠಾತ್ತನೆ ಇಳಿದಾಗ ಕವಿಯುವ ಮಂಜು ಚೇಂಬರಿನಲ್ಲೇ ಕಾಣಬೇಕು.

ಹುಡುಗನಿಗೆ ಹೇಳಿದ್ದು ಇಷ್ಟು: ಮನೆಯಲ್ಲಿ ಏನನ್ನೂ ಮಾಡಬೇಡ. ತರಬೇತಿಯಲ್ಲಿ ನಿನ್ನ ಲಕ್ಷಣ ಗೊತ್ತಾದ ದಿನವೇ ಬರೆದಿಟ್ಟುಕೋ, ಜೊತೆಗೆ ಹಾರುವವನಿಗೂ ಹೇಳು. ನಿನಗೆ ಗೊತ್ತಾಗದಿದ್ದರೂ ಅವನಿಗೆ ಗೊತ್ತಾಗಬಹುದು.