ಹಳೇ ಕಾರು ಗುಜರಿಗೆ ಹಾಕ್ತೀರಾ? ಮೊದಲು ಈ ಲೆಕ್ಕ ಹಾಕಿ

ಗುಜರಿ ವ್ಯಾಪಾರಿಗೆ ಫೋನ್ ಮಾಡಿದರೆ ಬರುವ ಮೊದಲ ಪ್ರಶ್ನೆಯೇ 'ಎಷ್ಟಕ್ಕೆ ಕೊಡ್ತೀರಿ?' ಬಾಯಿಗೆ ಬಂದ ಅಂದಾಜು ಹೇಳಿಬಿಟ್ಟರೆ ವ್ಯಾಪಾರ ಅಲ್ಲಿಗೇ ಮುಗಿಯಿತು. ನೀವು ಹೇಳಿದ್ದು ಕಡಿಮೆಯಾಗಿದ್ದರೆ ತಕ್ಷಣ ಒಪ್ಪಿಕೊಳ್ಳುತ್ತಾರೆ. ಜಾಸ್ತಿಯಾಗಿದ್ದರೆ ಕಾರಿನ ತುಕ್ಕು, ಗೀರು, ವಯಸ್ಸು ಎಲ್ಲ ಎಣಿಸಿ ಕೆಳಗಿಳಿಸುತ್ತಾರೆ. ಅವರ ತಲೆಯಲ್ಲಿ ಲೆಕ್ಕ ಮೊದಲೇ ಆಗಿರುತ್ತದೆ: ಎಷ್ಟು ಕಿಲೋ ಕಬ್ಬಿಣ, ಎಷ್ಟು ಅಲ್ಯೂಮಿನಿಯಂ, ಯಾವ ಭಾಗ ನಾಳೆಯೇ ಮಾರಾಟವಾಗುತ್ತದೆ. ಅದೇ ಲೆಕ್ಕವನ್ನು ನೀವೂ ಒಂದು ಸಂಜೆ ಕೂತು ಹಾಕಿಕೊಳ್ಳಿ. ಫೋನ್ ಆಮೇಲೆ ಮಾಡಿದರಾಯಿತು.

ಇದು ನಿಜವಾಗಿಯೂ ಗುಜರಿ ಮಾಲೇ?

ಓಡುವ ಕಾರಿಗೆ ಸಾಮಾನ್ಯವಾಗಿ ಗುಜರಿ ತೂಕಕ್ಕಿಂತ ಹೆಚ್ಚು ಬೆಲೆ ಸಿಗುತ್ತದೆ. ಸ್ಟಾರ್ಟ್ ಆಗುತ್ತಿಲ್ಲ ಎಂದ ಮಾತ್ರಕ್ಕೆ ಅದು ಸತ್ತಿದೆ ಎಂದಲ್ಲ. ಬ್ಯಾಟರಿ ಸತ್ತಿರಬಹುದು, ಸ್ಟಾರ್ಟರ್ ಮೋಟಾರ್ ಕೈಕೊಟ್ಟಿರಬಹುದು, ಕ್ಲಚ್ ಸವೆದಿರಬಹುದು. ಇವೆಲ್ಲ ರಿಪೇರಿಯ ಮಾತು. ಎಂಜಿನ್ ಜಾಮ್ ಆಗಿದೆ, ಚಾಸಿ ತುಕ್ಕು ಹಿಡಿದು ತೂತುಬಿದ್ದಿದೆ, ಅಪಘಾತದಲ್ಲಿ ಮೂಳೆಯೇ ಬಾಗಿದೆ ಅಂದರೆ ಅದು ಗುಜರಿಯ ಮಾತು.

ನಂಬಿಕೆಯ ಮೆಕ್ಯಾನಿಕ್ ಒಬ್ಬರಿಂದ ರಿಪೇರಿಗೆ ಎಷ್ಟಾಗುತ್ತದೆ ಎಂದು ಬರೆಸಿಕೊಳ್ಳಿ. ರಿಪೇರಿಯಾದ ಮೇಲೆ ಸಿಗುವ ಬೆಲೆಯಲ್ಲಿ ಆ ಖರ್ಚು ಕಳೆಯಿರಿ. ಉಳಿದದ್ದು ಗುಜರಿ ಬೆಲೆಗಿಂತ ಚೆನ್ನಾಗಿ ಮೇಲಿದ್ದರೆ ಮಾತ್ರ ರಿಪೇರಿಗೆ ಕೈಹಾಕಿ. ಸ್ವಲ್ಪವೇ ಮೇಲಿದ್ದರೆ ಬೇಡ. ಹಳೇ ಗಾಡಿ ಬಿಚ್ಚಿದ ಮೇಲೆ ಇನ್ನೇನೋ ಒಂದು ಕಾಣಿಸಿಕೊಳ್ಳದೆ ಇರುವುದು ಅಪರೂಪ. ಇದ್ದ ಹಾಗೆಯೇ ಕೊಂಡು ತಾವೇ ರಿಪೇರಿ ಮಾಡಿಕೊಳ್ಳುವವರೂ ಇರುತ್ತಾರೆ, ಒಮ್ಮೆ ಕೇಳಿ ನೋಡಿ.

ತೂಕ ಗೊತ್ತಿರಲಿ

ನೋಂದಣಿ ಪತ್ರದಲ್ಲೋ ಕಾರಿನ ಕೈಪಿಡಿಯಲ್ಲೋ ಖಾಲಿ ಗಾಡಿಯ ತೂಕ ಬರೆದಿರುತ್ತದೆ. ಸಣ್ಣ ಕಾರಾದರೆ ಸುಮಾರು 800ರಿಂದ 1,000 ಕಿಲೋ. ಡಿಕ್ಕಿ ಇರುವ ಮಧ್ಯಮ ಗಾತ್ರದ ಕಾರು 1,100ರಿಂದ 1,400. ದೊಡ್ಡ ಎಸ್‌ಯುವಿ 1,600 ದಾಟುತ್ತದೆ. ಈ ಸಂಖ್ಯೆ ಕೈಯಲ್ಲಿದ್ದರೆ 'ಇದು ತುಂಬಾ ಹಗುರ ಗಾಡಿ ಸಾರ್' ಎಂಬ ಮಾತು ನಡೆಯುವುದಿಲ್ಲ.

ಆದರೆ ಅಷ್ಟೂ ತೂಕ ಕಬ್ಬಿಣವಲ್ಲ. ಕಾರಿನಲ್ಲಿ ಉಕ್ಕು, ಬೀಡು ಕಬ್ಬಿಣ ಎರಡೂ ಸೇರಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. ಉಳಿದದ್ದು ಅಲ್ಯೂಮಿನಿಯಂ, ತಾಮ್ರ, ಪ್ಲಾಸ್ಟಿಕ್, ಗಾಜು, ರಬ್ಬರ್, ಸೀಟಿನ ಸ್ಪಂಜು. ಹಾಗಾಗಿ ವ್ಯಾಪಾರಿ ಒಂದಷ್ಟು ಕಡಿತ ಹಿಡಿಯುವುದು ತಪ್ಪೇನಲ್ಲ. ಎಷ್ಟು ಕಡಿತ ಎಂದು ಮೊದಲೇ ಬಾಯಿಬಿಡಿಸಿ. ಕಿಲೋಗೆ ಒಳ್ಳೇ ದರ ಹೇಳಿ ಕಡಿತದಲ್ಲಿ ವಾಪಸ್ ಕಿತ್ತುಕೊಳ್ಳುವುದು ಈ ವ್ಯಾಪಾರದ ಹಳೇ ಕೈಚಳಕ.

ಸೈಲೆನ್ಸರ್ ಕಡೆ ಬಗ್ಗಿ ನೋಡಿ

ಬಹಳ ಜನ ಮೋಸಹೋಗುವುದು ಇಲ್ಲೇ. ಎಂಜಿನ್‌ನಿಂದ ಹೊಗೆ ಹೊರಡುವ ಪೈಪಿನಲ್ಲಿ, ಸೈಲೆನ್ಸರ್‌ಗಿಂತ ಮುಂಚೆ, ದಪ್ಪನೆಯ ಉಕ್ಕಿನ ಡಬ್ಬಿಯೊಂದು ಕಾಣುತ್ತದೆ. ಅದೇ ಕ್ಯಾಟಲಿಟಿಕ್ ಕನ್ವರ್ಟರ್. ಹೊಸ ಮಾದರಿಗಳಲ್ಲಿ ಇದು ಎಂಜಿನ್‌ಗೇ ಅಂಟಿಕೊಂಡಿರುವುದರಿಂದ ಬಾನೆಟ್ ಎತ್ತಿ ನೋಡಬೇಕಾಗುತ್ತದೆ. ಒಳಗಡೆ ಜೇನುಗೂಡಿನಂಥ ಪಿಂಗಾಣಿ ಇಟ್ಟಿಗೆ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಒಟ್ಟು ಸೇರಿದರೂ ಕೆಲವೇ ಗ್ರಾಂ. ಆದರೂ ಎಷ್ಟೋ ಸಲ ಇಡೀ ಕಾರಿನಲ್ಲಿ ಅತಿ ಬೆಲೆಬಾಳುವ ತುಂಡು ಇದೇ ಆಗಿರುತ್ತದೆ. 2021ರಲ್ಲಿ ರೋಡಿಯಂ ಬೆಲೆ ಚಿನ್ನದ ಹತ್ತು ಪಟ್ಟನ್ನೂ ದಾಟಿತ್ತು. ಆಮೇಲೆ ಧಡಾರನೆ ಬಿತ್ತು. ಆದ್ದರಿಂದ ಯಾರೋ ಯಾವತ್ತೋ ಹೇಳಿದ ರೇಟು ಇವತ್ತು ಕೆಲಸಕ್ಕೆ ಬರುವುದಿಲ್ಲ.

ಕಾರಿನ ಜೊತೆಗೇ ಬಂದ ಕಂಪನಿಯ ಕನ್ವರ್ಟರ್‌ಗೂ ಆಮೇಲೆ ಹಾಕಿಸಿದ ಅಗ್ಗದ್ದಕ್ಕೂ ಅಜಗಜಾಂತರ. ಅಗ್ಗದ್ದರಲ್ಲಿ ಈ ಲೋಹಗಳು ಬಲು ಕಡಿಮೆ ಇರುತ್ತವೆ. ಕಂಪನಿಯ ಡಬ್ಬಿಯ ಮೇಲೆ ಅಕ್ಷರ, ಅಂಕಿ ಸೇರಿದ ಒಂದು ಕೋಡ್ ಒತ್ತಿರುತ್ತದೆ. ಇವನ್ನೇ ಕೊಳ್ಳುವ ವ್ಯಾಪಾರಿಗಳು ಬೆಲೆ ಕಟ್ಟುವುದು ಆ ಕೋಡ್ ನೋಡಿ. ಎಂಜಿನ್ ತಣ್ಣಗಿರುವಾಗ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಡಬ್ಬಿಯನ್ನು ಕೈಯಿಂದ ಮೆಲ್ಲಗೆ ತಟ್ಟಿ. ಒಳಗೆ ಗಲಗಲ ಸದ್ದು ಬಂದರೆ ಇಟ್ಟಿಗೆ ಒಡೆದಿದೆ ಎಂದರ್ಥ. ಸ್ವಲ್ಪ ಭಾಗ ಹೊಗೆಯ ಜೊತೆಗೇ ಹಾರಿಹೋಗಿರಲೂಬಹುದು.

ಹಾಗಾದರೆ ಕೊಯ್ದು ಬೇರೆ ಮಾರಿಬಿಡೋಣ ಅನ್ನಿಸುತ್ತೆ, ಅಲ್ವಾ? ಬೇಡ ಎನ್ನುವುದೇ ನನ್ನ ಸಲಹೆ. ಕನ್ವರ್ಟರ್ ಕಳ್ಳತನ ಜಾಸ್ತಿಯಾದ ಮೇಲೆ ಬಿಡಿಯಾಗಿ ಕೊಳ್ಳುವುದಕ್ಕೆ ಹಲವು ಕಡೆ ಕಟ್ಟುನಿಟ್ಟು ಬಂದಿದೆ. ಅದಿಲ್ಲದ ಕಾರಿಗೆ ಬೆಲೆಯೂ ಸಟ್ಟನೆ ಇಳಿಯುತ್ತದೆ. ಜಾಕ್ ಮೇಲೆ ನಿಂತ ಕಾರಿನಡಿ ಕಟರ್ ಹಿಡಿದು ಮಲಗುವ ಅಪಾಯ ಬೇರೆ. 'ಕಂಪನಿ ಕನ್ವರ್ಟರ್ ಇದೆ, ಕೋಡ್ ಇದು, ಸೇರಿಸಿ ಎಷ್ಟು?' ಎಂದು ಕೇಳಿದರೆ ಸಾಕು. ಈ ಗಿರಾಕಿಗೆ ವಿಷಯ ಗೊತ್ತಿದೆ ಎಂದು ಎದುರಿನವರಿಗೆ ತಿಳಿದುಬಿಡುತ್ತದೆ.

ಏನು ಬಿಚ್ಚಬಹುದು, ಏನು ಬಿಡಬೇಕು

ಪೂರ್ತಿ ಕಾರಿಗೆ ಒಳ್ಳೇ ಬೆಲೆ, ಅರ್ಧ ಬಿಚ್ಚಿದ ಕಾರಿಗೆ ಬರೀ ತಗಡಿನ ಬೆಲೆ. ಆದ್ದರಿಂದ ಗಿರಾಕಿ ಸಿಕ್ಕಿರುವ ಭಾಗವನ್ನು ಮಾತ್ರ ಬಿಚ್ಚಿ. ಮಾರಾಟವಾದೀತು ಎಂಬ ಆಸೆಗೆ ಬಿಚ್ಚಿಟ್ಟ ಬಾಗಿಲು, ಬಂಪರ್ ಮೂಲೆಯಲ್ಲಿ ಜಾಗ ತಿನ್ನುತ್ತವೆ ಅಷ್ಟೆ.

ಬ್ಯಾಟರಿಯಿಂದ ಶುರುಮಾಡಬಹುದು. 12ರಿಂದ 20 ಕಿಲೋ ತೂಗುವ ಮಾಮೂಲಿ ಬ್ಯಾಟರಿಯಲ್ಲಿ ನೂರಕ್ಕೆ ಸುಮಾರು 60 ಪಾಲು ಸೀಸ. ಅದಕ್ಕೆ ಕಬ್ಬಿಣಕ್ಕಿಂತ ಬೇರೆಯದೇ ದರ. ಬಿಚ್ಚುವಾಗ ಮೈನಸ್ ತುದಿ ಮೊದಲು, ಪ್ಲಸ್ ಆಮೇಲೆ. ಆಸಿಡ್ ಚೆಲ್ಲದಂತೆ ನೆಟ್ಟಗೇ ಇಡಿ. ಕಾರು ಇನ್ನೂ ಸ್ಟಾರ್ಟ್ ಆಗುತ್ತಿದ್ದರೆ ವ್ಯಾಪಾರಿ ಬಂದು ನೋಡುವವರೆಗೂ ಬ್ಯಾಟರಿ ಬಿಚ್ಚಬೇಡಿ. ಎಂಜಿನ್ ಸದ್ದು ಕೇಳಿಸಿದರೆ ಅದು ಸ್ಪೇರ್ ಪಾರ್ಟ್ಸ್ ಲೆಕ್ಕಕ್ಕೆ ಹೋಗುತ್ತದೆ, ಇಲ್ಲವಾದರೆ ಬರೀ ಲೋಹದ ಲೆಕ್ಕಕ್ಕೆ.

ಅಲಾಯ್ ವೀಲ್ ಇದ್ದರೆ ಅದೂ ಒಳ್ಳೇ ಮಾಲು. ಅನುಮಾನವಿದ್ದರೆ ಫ್ರಿಜ್ ಬಾಗಿಲ ಮೇಲಿನ ಅಯಸ್ಕಾಂತ ತಂದು ಹಚ್ಚಿ ನೋಡಿ. ಅಂಟಿದರೆ ಉಕ್ಕು, ಅಂಟದಿದ್ದರೆ ಅಲ್ಯೂಮಿನಿಯಂ. ಎಂಜಿನ್ ಬ್ಲಾಕ್ ಬೀಡಿನದೋ ಅಲ್ಯೂಮಿನಿಯಂನದೋ ಎಂಬುದೂ ಹೀಗೇ ಗೊತ್ತಾಗುತ್ತದೆ. ಅಲಾಯ್ ಬಿಚ್ಚಿದರೆ ಅದರ ಜಾಗಕ್ಕೆ ಹಳೇ ಉಕ್ಕಿನ ವೀಲ್ ಹಾಕಿಡಿ. ಉರುಳದ ಕಾರನ್ನು ಲಾರಿಗೆ ಹತ್ತಿಸಲು ಕ್ರೇನ್ ಬೇಕು, ಆ ಖರ್ಚು ನಿಮ್ಮ ತಲೆಗೇ ಬರುತ್ತದೆ.

ಟೈರ್ ಹೊಸದಾಗಿ ಹಾಕಿಸಿದ್ದರೆ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೈಮೇಲಿನ ತೋಡು (ಟ್ರೆಡ್) ಎಷ್ಟೇ ಆಳ ಉಳಿದಿದ್ದರೂ ವಯಸ್ಸಾದ ಟೈರನ್ನು ತಿಳಿದವರು ಕೊಳ್ಳುವುದಿಲ್ಲ, ನೀವೂ ತಿಳಿಯದವರಿಗೆ ಮಾರಬೇಡಿ. ಜಾಸ್ತಿ ಓಡಾಡುವ ಮಾದರಿಯ ಕಾರಾದರೆ ಹೆಡ್‌ಲೈಟ್, ಪಕ್ಕದ ಕನ್ನಡಿ, ಆಲ್ಟರ್ನೇಟರ್, ಮ್ಯೂಸಿಕ್ ಸಿಸ್ಟಂಗೆ ಗಿರಾಕಿ ಬೇಗ ಸಿಗುತ್ತಾರೆ.

ಕೆಲವನ್ನು ಮುಟ್ಟಲೇಬೇಡಿ. ಏರ್‌ಬ್ಯಾಗ್ ಒಳಗೆ ಸಿಡಿಮದ್ದು ಇರುತ್ತದೆ. ಎಸಿ ಗ್ಯಾಸನ್ನು ಗಾಳಿಗೆ ಬಿಡಬಾರದು, ಅದಕ್ಕೆ ಬೇರೆ ಯಂತ್ರವೇ ಇದೆ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ತಾಮ್ರದ ಆಸೆಗೆ ವೈರಿಂಗ್ ಕಿತ್ತು ಸುಡುವುದಂತೂ ಬೇಡವೇ ಬೇಡ. ವಿಷದ ಹೊಗೆ ಒಂದು ಕಡೆ, ಸುಟ್ಟ ತಂತಿಗೆ ದರವೂ ಕಡಿಮೆ.

ಟ್ಯಾಂಕಿನಲ್ಲಿ ಇಂಧನ ತುಂಬಿದ್ದರೆ ಓಡಿಸಿ ಖಾಲಿ ಮಾಡಿ. ಅದಕ್ಕೆ ಯಾರೂ ಕಾಸು ಕೊಡುವುದಿಲ್ಲ.

ಒಂದೇ ಮಾತು, ನಾಲ್ಕು ಕಡೆ

ಕಾರಿನ ಮಾದರಿ, ವರ್ಷ, ತೂಕ, ಏನೇನಿದೆ, ಏನೇನಿಲ್ಲ ಎಂದು ಒಂದೇ ಮೆಸೇಜ್ ಬರೆದು ಫೋಟೋ ಸೇರಿಸಿ ಮೂರು ನಾಲ್ಕು ಜನರಿಗೆ ಕಳಿಸಿ. ಬಿಡಿಭಾಗ ಮಾರುವವರನ್ನೂ ಬರೀ ಲೋಹ ಕೊಳ್ಳುವವರನ್ನೂ ಎರಡೂ ಕಡೆ ಕೇಳಿ, ಉತ್ತರದಲ್ಲಿ ಒಳ್ಳೇ ಅಂತರ ಬರಬಹುದು. ಕಿಲೋ ಲೆಕ್ಕವೋ ಒಟ್ಟು ಬೆಲೆಯೋ, ಸಾಗಿಸುವ ಖರ್ಚು ಯಾರದು, ಹಣ ಯಾವಾಗ, ಇವಕ್ಕೆ ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಲಾರಿ ಬಂದ ಮೇಲೆ 'ಅದಿಲ್ಲ, ಇದಿಲ್ಲ' ಎಂದು ಶುರುವಾಗುವ ಚೌಕಾಸಿಗೆ ಆ ಮೆಸೇಜೇ ಮದ್ದು. ಒಪ್ಪದಿದ್ದರೆ ಲಾರಿ ವಾಪಸ್ ಹೋಗಲಿ. ಖಾಲಿ ಹೋಗುವುದು ಅವರಿಗೂ ನಷ್ಟವೇ.

ತೂಕದ ಲೆಕ್ಕವಾದರೆ ನೀವೂ ಜೊತೆಗೆ ವೇಬ್ರಿಜ್‌ಗೆ ಹೋಗಿ. ಕಾರು ಹೊತ್ತ ಲಾರಿಯನ್ನು ಒಮ್ಮೆ ತೂಗುತ್ತಾರೆ, ಕಾರು ಇಳಿಸಿ ಮತ್ತೊಮ್ಮೆ. ಎರಡರ ವ್ಯತ್ಯಾಸವೇ ನಿಮ್ಮ ಕಾರು. ಲಾರಿ ವೇಬ್ರಿಜ್ ಹತ್ತುವ ಮೊದಲು ಪರದೆ ಮೇಲೆ ಸೊನ್ನೆ ಇದೆಯಾ ನೋಡಿ. ಮೊದಲ ಸಲ ಡ್ರೈವರ್ ಕೆಳಗಿಳಿದು, ಎರಡನೇ ಸಲ ಸೀಟಿನಲ್ಲೇ ಕೂತಿದ್ದರೆ ಅವರ 70 ಕಿಲೋ ನಿಮ್ಮ ಲೆಕ್ಕದಿಂದ ಹೋಯಿತು. ಎರಡು ಸಲವೂ ಒಂದೇ ಥರ ಇರಲಿ. ಚೀಟಿ ಎರಡನ್ನೂ ಕೇಳಿ ಪಡೆಯಿರಿ.

ಲೋಹದ ದರ ಏರಲಿ ಎಂದು ಒಂದೆರಡು ವಾರ ಕಾಯಬಹುದು. ತಿಂಗಳುಗಟ್ಟಲೆ ನಿಲ್ಲಿಸುವುದು ಲಾಭವಲ್ಲ. ಇಲಿ ವೈರ್ ಕಡಿಯುತ್ತದೆ, ಬ್ರೇಕ್ ಹಿಡಿದುಕೊಳ್ಳುತ್ತದೆ, ಟೈರ್ ಕೂತುಬಿಡುತ್ತದೆ. ಓಡುತ್ತಿದ್ದ ಕಾರು ಎಳೆಯುವ ಕಾರಾಗುತ್ತದೆ.

ಕಾಗದ ಮುಗಿಯದೆ ಕೀಲಿ ಕೊಡಬೇಡಿ

ಸಾಲ ಬಾಕಿಯಿದ್ದರೆ ತೀರಿಸಿ ಪತ್ರ ಪಡೆಯಿರಿ. ಗುಜರಿಗೆ ಹಾಕಲು ಪರವಾನಗಿ ಇರುವವರಿಗೇ ಕೊಡಿ. ಅವರು ಕೊಡುವ ರಸೀದಿಯಲ್ಲಿ 17 ಅಕ್ಷರ, ಅಂಕಿಗಳ ಚಾಸಿ ನಂಬರ್ ಸರಿಯಾಗಿದೆಯಾ ಎಂದು ಒಂದೊಂದಾಗಿ ತಾಳೆ ನೋಡಿ. ಕದ್ದ ಕಾರಿಗೆ ಹಳೇ ಕಾರಿನ ಚಾಸಿ ನಂಬರ್ ಅಂಟಿಸುವ ದಂಧೆ ಇದೆ. ನೋಂದಣಿ ರದ್ದಾಗದಿದ್ದರೆ ದಂಡದ ಚೀಟಿ, ಪೊಲೀಸ್ ವಿಚಾರಣೆ ನಿಮ್ಮ ಬಾಗಿಲಿಗೇ ಬರಬಹುದು.

ಸ್ಟೀರಿಯೋದಲ್ಲಿ ಉಳಿದ ಫೋನ್ ನಂಬರ್‌ಗಳು, ನ್ಯಾವಿಗೇಷನ್‌ನ ಮನೆ ವಿಳಾಸ ಅಳಿಸಿ. ಟೋಲ್ ಟ್ಯಾಗ್ ಕಿತ್ತು ಅದರ ಖಾತೆ ಮುಚ್ಚಿಸಿ. ಸ್ಟೆಪ್ನಿ ಗುಂಡಿ, ಸೀಟಿನ ಅಡಿ, ಡ್ಯಾಶ್‌ಬೋರ್ಡ್ ಡಬ್ಬಿ ಒಮ್ಮೆ ಕೈಯಾಡಿಸಿ. ವಿಮೆಯನ್ನು ಮಾತ್ರ ನೋಂದಣಿ ರದ್ದಾದ ಪತ್ರ ಕೈಗೆ ಬಂದ ಮೇಲೆಯೇ ನಿಲ್ಲಿಸಿ. ಬಳಸದೆ ಉಳಿದ ತಿಂಗಳುಗಳ ಕಂತಿನಲ್ಲಿ ಒಂದಷ್ಟನ್ನು ವಾಪಸ್ ಕೊಡುವ ವಿಮಾ ಕಂಪನಿಗಳಿವೆ. ಅದಕ್ಕೆ ಆ ಪತ್ರದ ನಕಲು ಹಚ್ಚಿ ಅರ್ಜಿ ಹಾಕಬೇಕು.